ತಮ್ಮ ಕಳಿಸದ ಔಷಧ

ಕುಕನೂರು
ಭಾನುವಾರ ಮಧ್ಯಾಹ್ನ

ಗೋಡೆಯಾಚೆಯ ನನ್ನ ಜೈನಾಬೀ,

ನಿನ್ನ ಮಗಳು ನಸೀಮಾಳ ಮದುವೆಯ ಪತ್ರಿಕೆ ಮೊನ್ನೆ ಟಪಾಲಿನಲ್ಲಿ ಬಂತು. ಕವರಿನ ಮೇಲೆ ನಿನ್ನದೇ ಕೈಬರಹ. ಎಲ್ಲರಿಗೂ ಬರೆಯುವಂತೆ "ಕುಟುಂಬದವರಿಗೆ" ಎಂದು ಬರೆಯದೆ ನನ್ನ ಹೆಸರೊಂದನ್ನೇ ಬರೆದಿದ್ದೀ. ಪಿಯುಸಿ ಪುಸ್ತಕ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದ ಹುಡುಗಿ ಮದುಮಗಳಾಗುತ್ತಿದ್ದಾಳೆ ಎಂದು ಹಿಗ್ಗಿದೆ. ಆಮೇಲೆ ಎರಡು ದಿನ ಊಟ ಸೇರಲಿಲ್ಲ. ನಿನ್ನ ಮನೆಯ ಅನ್ನ ಉಣ್ಣುವ ಮುಂಚೆ ನಿನಗೊಂದು ಮಾತು ಹೇಳಬೇಕು. ಅರ್ಧ ನಿನಗೆ ಗೊತ್ತಿದೆ. ಉಳಿದರ್ಧ ಗೊತ್ತಿರುವುದು ನನಗೊಬ್ಬಳಿಗೇ.

ಕೊರೋನಾ ಬಂದ ಆ ವರ್ಷದ ಉಗಾದಿಗೆ ಎರಡು ದಿನ ಮೊದಲು, ಸೋಮವಾರ, ಯಲಬುರ್ಗಾದ ನಮ್ಮ ಕಚೇರಿಯಲ್ಲಿ ಯಾರೂ ಕೆಲಸಕ್ಕೆ ಮನಸ್ಸು ಕೊಡಲಿಲ್ಲ. ನನ್ನ ಪಕ್ಕದ ಮೇಜಿನ ಉಮಾಪತಿ, "ಮೇಡಂ, ಎಲ್ಲಾ ಬಂದ್ ಆಗೂದು ಖರೇ ಐತ್ರಿ. ಮನ್ಯಾಗ ಏನ ಬೇಕೋ ಇವತ್ತ ತುಂಬಿಕೊಂಡಬಿಡ್ರಿ" ಎಂದ. ಸಂಜೆ ಕುಕನೂರಿನಲ್ಲಿ ಬಸ್ಸಿಳಿದೆ. ಪೇಟೆ ಜಾತ್ರೆಯಂತೆ ತುಂಬಿತ್ತು, ಆದರೆ ಯಾರ ಮುಖದಲ್ಲೂ ನಗುವಿರಲಿಲ್ಲ. ಕಿರಾಣಿ ಅಂಗಡಿಯ ಕಟ್ಟೆಗೆ ಜನ ಎದೆಯೊತ್ತಿ ನಿಂತಿದ್ದರು. ಎಣ್ಣೆಯ ಡಬ್ಬಿ ಒಬ್ಬರ ಕೈಯಿಂದ ಇನ್ನೊಬ್ಬರು ಕಸಿಯುತ್ತಿದ್ದರು. ಮೂರು ಜನರ ಸಂಸಾರದ ಒಬ್ಬಾತ ಉಳ್ಳಾಗಡ್ಡಿಯ ಇಡೀ ಚೀಲ ಹೊತ್ತು ಓಡುತ್ತಿದ್ದ. ಅದನ್ನೆಲ್ಲ ನೋಡಿ, ಜನಕ್ಕೇನು ಹುಚ್ಚೇ ಎಂದುಕೊಂಡೆ. ಅಂದುಕೊಳ್ಳುತ್ತಲೇ ಹತ್ತು ಕೇಜಿ ಅಕ್ಕಿ, ಐದು ಕೇಜಿ ಸಕ್ಕರೆ ತೆಗೆದುಕೊಂಡೆ. ಸಕ್ಕರೆ ಮುಟ್ಟಬಾರದ ನನಗೆ ಐದು ಕೇಜಿ ಸಕ್ಕರೆ.

ಅಲ್ಲಿಂದ ಕಲ್ಲೇಶನ ಔಷಧದ ಅಂಗಡಿಗೆ ಹೋದೆ. ನಾನು ದಿನಕ್ಕೆರಡು ಸಲ ಚುಚ್ಚಿಕೊಳ್ಳುವ ಇನ್ಸುಲಿನ್ನಿನ ಬಾಟಲಿ ಎಷ್ಟಿವೆ ಎಂದು ಕೇಳಿದೆ.

"ಆರ ಅದಾವ್ರಿ ಮೇಡಂ."

"ಆರೂ ಕೊಡು."

ಅವನು ಫ್ರಿಜ್ಜಿನ ಬಾಗಿಲು ಹಿಡಿದು ನಿಂತ. "ಇದ ಔಷಧ ತೊಗೊಳ್ಳೋರು ಊರಾಗ ಇನ್ನೊಬ್ರು ಅದಾರ್ರಿ. ಮುಂದಿನ ಮಾಲು ಯಾವಾಗ ಬರ್ತೈತೋ ಏನೋ."

ಜೈನಾಬೀ, ಆ ಇನ್ನೊಬ್ಬರು ಯಾರೆಂದು ನನಗೆ ಗೊತ್ತಿತ್ತು. ನಿನ್ನ ಗಂಡ ನಜೀಬ. ನಿಮ್ಮ ಮನೆಯಲ್ಲಿ ಫ್ರಿಜ್ ಇಲ್ಲದ್ದರಿಂದ ಅವನು ಒಂದೊಂದೇ ಬಾಟಲಿ ತರುತ್ತಾನೆಂದು, ನೀನದನ್ನು ಡಬ್ಬಿಯಲ್ಲಿ ಹಾಕಿ ನೀರಿನ ಗಡಿಗೆಯ ಪಕ್ಕ ಒದ್ದೆ ಉಸುಕಿನಲ್ಲಿ ಇಡುತ್ತೀ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, "ಅವರ್ದು ಅವರು ನೋಡ್ಕೋತಾರ, ನೀ ಕಟ್ಟು" ಎಂದೆ.

ಇದೇ ಆ ಉಳಿದರ್ಧ.

ಯಾಕೆ ಹಾಗೆ ಮಾಡಿದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಸಾವಿಗೆ ನಾನು ಅಷ್ಟೇನೂ ಹೆದರುವವಳಲ್ಲ. ಅವ್ವ ತೀರಿಕೊಂಡು ಅದೇ ತಾನೇ ವರ್ಷವಾಗಿತ್ತು. ಅವ್ವನಿಗಾಗಿ ಮದುವೆ ಬೇಡವೆಂದು ಉಳಿದವಳು, ಅವ್ವ ಹೋದ ಮೇಲೆ ನಲವತ್ತೊಂಬತ್ತರ ವಯಸ್ಸಿನಲ್ಲಿ ಆ ಎರಡು ಕೋಣೆಯಲ್ಲಿ ಒಬ್ಬಳೇ ಆಗಿದ್ದೆ. ನಜೀಬನಿಗೆ ಏನಾದರೂ ಆದರೆ ಓಡಾಡಲು ನೀನಿದ್ದೀ, ನನಗೆ ಆದರೆ ಬಾಗಿಲು ಒಡೆಯುವವರೂ ಇಲ್ಲ ಎಂದು ಅಂಗಡಿಯ ಮುಂದೆ ನಿಂತೇ ಯೋಚಿಸಿದೆ. ಆ ಯೋಚನೆ ಆಗ ನನಗೆ ನ್ಯಾಯವೆಂದೇ ತೋರಿತು.

ಉಗಾದಿಯ ದಿನ ಒಬ್ಬಳಿಗಾಗಿ ಬೇವುಬೆಲ್ಲ ಕಲೆಸಿದೆ. ತಮ್ಮ ಪ್ರಭುರಾಜನಿಗೆ ಕೊಪ್ಪಳಕ್ಕೆ ಫೋನು ಹಚ್ಚಿದೆ. "ಇಲ್ಲಿ ನಮ್ದ ನಮಗ ಸಾಕಾಗೇತಿ ಅಕ್ಕಾ, ಆಮ್ಯಾಲ ಮಾತಾಡೂಣು" ಎಂದು ಇಟ್ಟ. ಆ ಆಮ್ಯಾಲ ಬರಲೇ ಇಲ್ಲ. ಬಸ್ಸುಗಳು ನಿಂತವು, ಹಿಟ್ಟಿನ ಗಿರಣಿ ನಿಂತಿತು. ನಮ್ಮಿಬ್ಬರ ಮನೆಗಳ ನಡುವೆ ಇದ್ದುದು ಒಂದೇ ಗೋಡೆ. ಆ ನಿಶ್ಶಬ್ದದಲ್ಲಿ ನಿನ್ನ ಹೊಲಿಗೆ ಯಂತ್ರದ ಸದ್ದು ಕೇಳಿದರೆ ನನಗೂ ಜೊತೆಗೆ ಯಾರೋ ಇದ್ದಾರೆ ಎನ್ನಿಸುತ್ತಿತ್ತು. ಅದು ನಿಂತರೆ ಎದ್ದುಹೋಗಿ ಗೋಡೆಗೆ ಕಿವಿಯಿಡುತ್ತಿದ್ದೆ. ನಗಬೇಡ.

ಬಂದ್ ಆಗಿ ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಬೆಳಿಗ್ಗೆ ನೀನು ಬಾಗಿಲು ತಟ್ಟಿದೆ. ಜಡ್ಡು ನಿಮ್ಮವರಿಂದಲೇ ಹರಡುತ್ತದೆ ಎಂಬ ಮಾತೆದ್ದು, ಆ ದಿನಗಳಲ್ಲಿ ನಮ್ಮ ಓಣಿಯವರು ನಿಮ್ಮ ಮನೆಯ ಮುಂದೆ ಹಾಯುವಾಗ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ನೀನು ತಟ್ಟಬಹುದಾದ ಬಾಗಿಲುಗಳು ಹೆಚ್ಚು ಉಳಿದಿರಲಿಲ್ಲ. ನಾನೂ ಅರ್ಧವೇ ತೆರೆದೆ.

"ಪಂಪಕ್ಕಾ, ಇವರ ಔಷಧ ನಿನ್ನೆ ತೀರೇತ್ರಿ. ಕಲ್ಲೇಶನ ಹತ್ರ ಇಲ್ಲಂತ. ಕೊಪ್ಪಳಕ್ಕ ಹೋಗಾಕ ಬೈಕ್ ತೊಗೊಂಡ್ರ ದಾರ್‍ಯಾಗ ತಿರುಗಿಸಿ ಕಳಿಸಿದ್ರು. ನಿಮ್ಮಲ್ಲೊಂದು ಬಾಟ್ಲಿ ಇದ್ರ..."

ಫ್ರಿಜ್ಜಿನಲ್ಲಿ ಐದು ಬಾಟಲಿಗಳಿದ್ದವು. "ಒಂದ ಐತವ್ವಾ, ಅದೂ ತಳಕ್ಕ ಬಂದೈತಿ" ಎಂದೆ.

ನೀನು ಗಾಬರಿಯಾಗಿ ಕೈ ಅಡ್ಡ ಹಿಡಿದೆ. "ಹಂಗಂದ್ರ ಬ್ಯಾಡ ಬಿಡ್ರಿ ಅಕ್ಕಾ. ನಿಮಗರ ಯಾರದಾರ? ನಿಮಗ ಇಟ್ಕೊರ್ರಿ." ಹೋಗುತ್ತಾ ಹಿಂದಿರುಗಿ, "ಹಿಟ್ಟು ಗಿಟ್ಟು ಬೇಕಿದ್ರ ಗ್ವಾಡಿ ಬಡೀರಿ" ಎಂದೂ ಹೇಳಿ ಹೋದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಲಿಗೆ ಯಂತ್ರ ನಿಂತಿತ್ತು. ನಜೀಬ ಮತ್ತೆ ಮತ್ತೆ ನೀರು ಕೇಳುತ್ತಿದ್ದ. ಆಮೇಲೆ ವಾಂತಿಯ ಸದ್ದು. ದವಾಖಾನೆಗೆ ಹೋಗೋಣವೆಂದು ನೀನು ಅಳುತ್ತಾ ಹೇಳುವುದು ಕೇಳಿಸಿತು. "ಅಲ್ಲಿ ಹೋದ್ರ ಹದಿನಾಕ್ ದಿನ ಕೂಡಿಹಾಕ್ತಾರ, ಒಲ್ಲೆ" ಎಂದು ಅವನು. ಮೂರನೆಯ ದಿನ ಅವನ ಉಸಿರು ಗೋಡೆ ದಾಟಿ ಬರತೊಡಗಿತು. ದೂರದಿಂದ ಓಡಿ ಬಂದವನು ಎಳೆದುಕೊಳ್ಳುವಂಥ ಉಸಿರು. ನಾನು ಬೇರೆ ಕೋಣೆಗೆ ಹೋದೆ. ಅಲ್ಲೂ ಕೇಳುತ್ತಿತ್ತು. ರೇಡಿಯೋ ಹಚ್ಚಿದೆ. ನಸೀಮಾ "ಅಬ್ಬಾ, ಅಬ್ಬಾ" ಎಂದು ಕೂಗಿದಾಗ ಅದನ್ನು ಆರಿಸಿ, ಫ್ರಿಜ್ಜಿನಿಂದ ಮೂರು ಬಾಟಲಿ ತೆಗೆದು ಬರಿಗಾಲಲ್ಲೇ ಓಡಿಬಂದೆ.

ನಿನ್ನ ಬಾಗಿಲಲ್ಲಿ ನಿಂತಾಗ ನಿಜ ಹೇಳಬೇಕೆಂದೇ ಇದ್ದೆ. ನೀನು ಬಾಟಲಿಗಳನ್ನು ನೋಡಿ, "ಎಲ್ಲಿ ಸಿಕ್ಕೂವ್ರಿ ಅಕ್ಕಾ?" ಎಂದೆ. ಆ ಮುಖ ನೋಡಿ ನನ್ನ ನಾಲಿಗೆ ತಾನೇ ಹೊರಳಿತು. "ನನ್ನ ತಮ್ಮ ಕೊಪ್ಪಳದಿಂದ ಕಳಿಸ್ಯಾನ. ಪಾಸ್ ಇದ್ದ ಗಾಡ್ಯಾಗ ಬಂದೂವು."

ನೀನು ಮೊದಲು ನಜೀಬನಿಗೆ ಸೂಜಿ ಚುಚ್ಚಿದೆ. ಆಮೇಲೆ ಹೊಸ್ತಿಲಲ್ಲಿ ಎರಡೂ ಕೈ ಎತ್ತಿ, ಎಂದೂ ಕಾಣದ ಪ್ರಭುರಾಜನಿಗೆ ದುವಾ ಮಾಡಿದೆ. ಅವನ ಮಕ್ಕಳು ಮರಿ ತಂಪಾಗಿರಲಿ ಎಂದೆ. ನಾನು ಮುಂದೆ ನಿಂತು ಕೇಳಿಸಿಕೊಂಡೆ. ನಾನು ಹೊರಟಾಗ ನೀನು, "ಒಂದ ಸಾಕ್ರಿ. ಉಳಿದೆರಡು ನಿಮ್ಮ ಫ್ರಿಜ್‌ನ್ಯಾಗ ಇರ್ಲಿ, ಬೇಕಾದಾಗ ಇಸ್ಕೋತೀನಿ" ಎಂದು ನನ್ನ ಕೈಗೇ ಕೊಟ್ಟೆ. ನಾನು ತಂದು ಅದೇ ಜಾಗದಲ್ಲಿ ಇಟ್ಟೆ. ಫ್ರಿಜ್ಜಿನ ಮುಂದೆ ನೆಲದ ಮೇಲೆ ಕುಳಿತೆ.

ಸಂಜೆಯ ಹೊತ್ತಿಗೆ ಅವನ ಉಸಿರು ತಗ್ಗಿತು. ಎರಡು ದಿನದಲ್ಲಿ ಎದ್ದು ಕುಳಿತ. ಹತ್ತು ದಿನಕ್ಕೆ ಅಂಗಡಿಗೆ ಹೊಸ ಮಾಲು ಬಂತು. ಅಂದರೆ ನಾನು ಮೊದಲ ದಿನವೇ ಕೊಟ್ಟಿದ್ದರೂ ಇಬ್ಬರಿಗೂ ಸಾಲುತ್ತಿತ್ತು. ಸಾಲದೆ ಹೋಗಿದ್ದರೂ ಕೊಡಬೇಕಾಗಿತ್ತು ಎಂಬುದು ಬೇರೆ ಮಾತು.

ಮುಂದಿನದ್ದು ಹೇಳಲು ಇನ್ನೂ ನಾಚಿಕೆ. ಆ ಸುಳ್ಳು ನನಗೆ ಹಿತವಾಗತೊಡಗಿತು. ನೀನು ದಿನವೂ, "ನಿಮ್ಮ ತಮ್ಮ ಹೆಂಗದಾರ್ರಿ?" ಎಂದು ಕೇಳುತ್ತಿದ್ದೆ. ನಾನು ಹೇಳುತ್ತಾ ಹೋದೆ. ಇವತ್ತು ಫೋನು ಮಾಡಿದ್ದ, ನಜೀಬನ ಆರೋಗ್ಯ ವಿಚಾರಿಸಿದ, ಊಟ ಬಿಡಬೇಡ ಎಂದು ನನ್ನನ್ನು ಬೈದ. ಎಷ್ಟೋ ಮಧ್ಯಾಹ್ನ ಫೋನನ್ನು ಸುಮ್ಮನೆ ಕಿವಿಗೆ ಹಿಡಿದು, ಗೋಡೆಯ ಹತ್ತಿರ ಕುಳಿತು, ನಿನಗೆ ಕೇಳಲೆಂದು ದೊಡ್ಡ ದನಿಯಲ್ಲಿ ಮಾತಾಡಿದ್ದೇನೆ. ಆ ಕಡೆ ಯಾರೂ ಇರಲಿಲ್ಲ. ಹೂಂ ಅನ್ನುವುದೂ ನಾನೇ, ನಗುವುದೂ ನಾನೇ. ರಮ್ಜಾನ್ ಹಬ್ಬಕ್ಕೆ ನೀನು ಶೀರ್‌ಕುರ್ಮಾ ಪಾಯಸ ಎರಡು ಬಟ್ಟಲು ತಂದೆ. ಒಂದು ನನಗೆ, ಒಂದು ತಮ್ಮನಿಗೆ. "ಗಾಡಿ ಸಿಕ್ರ ಕಳಿಸ್ರಿ" ಎಂದೆ. ಸಕ್ಕರೆ ಕಾಯಿಲೆಯವಳು ಎರಡೂ ಬಟ್ಟಲು ನಾನೇ ತಿಂದೆ, ಒಬ್ಬಳೇ ಕುಳಿತು. ಮರುದಿನ, ತಮ್ಮನಿಗೆ ಬಹಳ ಸೇರಿತು ಎಂದೆ.

ಮುಂದಿನ ವರ್ಷದ ಮೇ ತಿಂಗಳಲ್ಲಿ ಜಡ್ಡು ನನಗೇ ಬಂತು. ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಓಣಿಯವರು ಆಚೆ ಬದಿಯಿಂದ ನಡೆಯತೊಡಗಿದರು. ನೀನು ದಿನವೂ ಮಧ್ಯಾಹ್ನ ಗಂಜಿಯ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ದೂರ ನಿಂತು, "ಪಂಪಕ್ಕಾ, ಉಸುರು ಹೆಂಗೈತ್ರಿ?" ಎಂದು ಕೂಗುತ್ತಿದ್ದೆ. ನಾನು ಒಳಗಿಂದ, "ಛಲೋ ಐತಿ" ಎನ್ನುತ್ತಿದ್ದೆ. ಐದನೆಯ ದಿನ ಉತ್ತರ ಕೊಡಲು ನನಗೆ ಶಕ್ತಿ ಇರಲಿಲ್ಲ. ನೀನು ಹೆದರಿ, ನನ್ನ ಕಚೇರಿಯ ಉಮಾಪತಿಯಿಂದ ನಂಬರು ಪಡೆದು ಪ್ರಭುರಾಜನಿಗೆ ಫೋನು ಹಚ್ಚಿದೆ.

ಅಂದು ಸಂಜೆ ತಮ್ಮನ ಫೋನು ಬಂತು, ಎಷ್ಟೋ ತಿಂಗಳ ಮೇಲೆ. "ಯಾವ ಔಷಧ ಕಳಿಸೇನಿ ಅಕ್ಕಾ ನಾ? ನಿನ್ನ ಬಾಜೂ ಮನಿ ಹೆಣ್ಮಗಳು ಅಳಾಕತ್ತಿದ್ಳು. ನನ್ನ ಗಂಡನ ಜೀವಾ ಉಳಿಸೀರಿ, ಈಗ ನಿಮ್ಮ ಅಕ್ಕನ್ನ ಬಂದು ನೋಡ್ರಿ ಅಂದ್ಳು. ನಾ ಏನೂ ಕಳಿಸಿಲ್ಲವಾ, ಯಾರದೋ ನಂಬರ್ ಹಚ್ಚೀರಿ ಅಂದೆ." ಅವನು ಬರಲಿಲ್ಲ.

ಮರುದಿನ ಮಧ್ಯಾಹ್ನ ಬಾಗಿಲ ಹಿಂದೆ ಗೋಡೆಗೊರಗಿ ಕುಳಿತೆ. ನೀನು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ. ನಿನ್ನ ಚಪ್ಪಲಿಯ ಸದ್ದಾಯಿತು. ಡಬ್ಬಿ ಇಟ್ಟ ಸದ್ದಾಯಿತು. ನೀನು ಕೂಗಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತೆ. ಒಂದು ಹಲಗೆಯ ಈಚೆ ನಾನು, ಆಚೆ ನೀನು. ಕೇಳಿಬಿಡಲಿ ಎಂದು ಕಾದೆ. ಕೊನೆಗೆ ನೀನು, "ಉಸುರು ಹೆಂಗೈತ್ರಿ ಅಕ್ಕಾ?" ಎಂದೆ. ನಾನು ಅಳುತ್ತಾ, "ಛಲೋ ಐತಿ" ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಮಧ್ಯಾಹ್ನ ಇನ್ನೊಂದಿಲ್ಲ.

ಆಮೇಲೆ ನೀನು ತಮ್ಮನ ಸುದ್ದಿ ಎತ್ತಲಿಲ್ಲ. ನಾನು ಮೇಲೆದ್ದೆ, ಕಚೇರಿಗೆ ಹೋದೆ, ನಿನ್ನ ಹತ್ತಿರ ರವಿಕೆ ಹೊಲಿಸಿದೆ. ಅಳತೆ ತೆಗೆಯುವಾಗ ನಿನ್ನ ಕೈ ನನ್ನ ಹೆಗಲ ಮೇಲಿರುತ್ತಿತ್ತು, ನಾನು ತೋಳು ಎಷ್ಟುದ್ದ ಇರಲಿ ಎಂಬುದನ್ನಷ್ಟೇ ಮಾತಾಡುತ್ತಿದ್ದೆ. ನಜೀಬನಿಗೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕು ನೀವು ಹೊರಟಿರಿ. ಗಾಡಿ ಹತ್ತುವ ಮುಂಚೆ ನೀನು ನನ್ನ ಎರಡೂ ಕೈ ಹಿಡಿದು, "ನಿಮ್ಮ ತಮ್ಮಗ ಸಲಾಂ ಹೇಳ್ರಿ ಅಕ್ಕಾ" ಎಂದೆ. ಅದು ನನ್ನನ್ನು ಕ್ಷಮಿಸಿದ ಮಾತೋ, ಚುಚ್ಚಿದ ಮಾತೋ ನನಗೆ ಇವತ್ತಿಗೂ ತಿಳಿದಿಲ್ಲ. ಒಮ್ಮೊಮ್ಮೆ, ಅಕ್ಕ ಒಬ್ಬಳೇ ಇರುತ್ತಾಳೆ, ಆ ತಮ್ಮನಾದರೂ ಅವಳ ಜೊತೆ ಉಳಿಯಲಿ ಎಂದು ನೀನು ಬಿಟ್ಟುಹೋದೆ ಅನ್ನಿಸುತ್ತದೆ. ಹಾಗಿದ್ದರೆ ಅದು ನನ್ನ ಯೋಗ್ಯತೆಗೆ ಮೀರಿದ ಕರುಣೆ, ಜೈನಾಬೀ.

ನಿಮ್ಮ ಮನೆ ಈಗ ಯಾರದೋ ಗೊಬ್ಬರದ ಗೋದಾಮು. ಗೋಡೆಯಾಚೆ ಚೀಲಗಳಷ್ಟೇ ಇವೆ. ಕಚೇರಿಯಿಂದ ಬಂದು ಬೀಗ ತೆಗೆದಾಗ ಬೆಳಿಗ್ಗೆ ಬಿಟ್ಟುಹೋದ ಲೋಟ ಬಿಟ್ಟಲ್ಲೇ ಇರುತ್ತದೆ.

ನೀನು ಪತ್ರ ಬರೆಯಬೇಕಿಲ್ಲ, ಫೋನೂ ಬೇಡ. ಇದನ್ನು ನಜೀಬನಿಗೂ ಓದಿ ಹೇಳು. ಮೂರು ದಿನ ನರಳಿ ಆ ಉಸಿರು ಎಳೆದವನು ಅವನು. ಮದುವೆಯ ದಿನ ಬೆಳಗಿನ ಬಸ್ಸಿಗೆ ಹೊರಟು ಗಂಗಾವತಿಗೆ ಬರುತ್ತೇನೆ. ನಿಮ್ಮ ಬಾಗಿಲಲ್ಲಿ ನಿಲ್ಲುತ್ತೇನೆ, ಒಳಗೆ ಬರುವುದಿಲ್ಲ. "ಬರ್ರಿ ಅಕ್ಕಾ" ಎಂದು ನೀನು ಕರೆದರೆ ಹೊಸ್ತಿಲು ದಾಟುತ್ತೇನೆ. ಕರೆಯದಿದ್ದರೆ ನಸೀಮಾಳನ್ನು ದೂರದಿಂದ ನೋಡಿ, ಅದೇ ಬಸ್ಸಿಗೆ ತಿರುಗುತ್ತೇನೆ. ನಿನ್ನ ಮೇಲೆ ಬೇಸರ ಮಾಡಿಕೊಳ್ಳುವುದಿಲ್ಲ.

ಮಗಳ ಬಾಳು ತಂಪಾಗಿರಲಿ. ನಜೀಬನ ಉಸಿರು ಗಟ್ಟಿಯಾಗಿರಲಿ. ನಿನ್ನ ಕೈ ಹೊಲಿದದ್ದು ಎಂದೂ ಬಿಚ್ಚದಿರಲಿ.

ಒಬ್ಬಳೇ ಬರುವ,
ನಿನ್ನ ಪಂಪಾವತಿ