ಎಂಟನೆಯ ಷರತ್ತು

ಮಾರ್ಚ್ 4, ಸಂಜೆ

ಮತ್ತೆ ಅದೇ ಷರತ್ತುಗಳ ಪಟ್ಟಿ. ಈ ವಿದೇಶಿ ಬ್ಯಾಂಕಿನವರು ಸರ್ಕಾರಕ್ಕೆ ಕೊಡುವ ಸಾಲ ರಸ್ತೆಗಲ್ಲ, ಸೇತುವೆಗಲ್ಲ. ಮೊದಲು ಕಾನೂನು ಬದಲಿಸಿ, ಆದೇಶ ಹೊರಡಿಸಿ — ಆಮೇಲೆ ದುಡ್ಡು. ‘ಮಾಡುತ್ತೇವೆ’ ಅಂದರೆ ನಡೆಯದು, ‘ಮಾಡಿದ್ದೇವೆ’ ಅನ್ನಬೇಕು. ಏಳು ಷರತ್ತು ಮುಗಿದಿವೆ. ಎಂಟನೆಯ ಜಾಗ ಖಾಲಿ.

ನಮ್ಮ ಹಣಕಾಸು ಇಲಾಖೆಯ ಕಾರ್ಯದರ್ಶಿಗಳು ಕರೆದರು. “ಏನಾದ್ರೂ ಹಾಕಮ್ಮ. ಮೂರು ವಾರದಲ್ಲಿ ಮುಗಿಯೋಂಥದ್ದು.”

ಹಾಕಿದೆ. ‘ಸರ್ಕಾರಿ ಮುದ್ರಣಾಲಯ ಮುಚ್ಚುವುದು.’ ಐದು ವರ್ಷದಿಂದ ಮುಚ್ಚುತ್ತೇವೆ ಅನ್ನುತ್ತಲೇ ಇದ್ದಾರೆ. ಡ್ರಾಫ್ಟ್ ತಾನೆ, ಯಾರಾದರೂ ಹೊಡೆದುಹಾಕುತ್ತಾರೆ. ಅಕ್ಕ ಅಲ್ಲೇ ಬೈಂಡಿಂಗ್‌ನಲ್ಲಿದ್ದಾಳೆ. ಗೊತ್ತಿದ್ದೇ ಹಾಕಿದೆ.

ಮಾರ್ಚ್ 7

ಯಾರೂ ಹೊಡೆದುಹಾಕಲಿಲ್ಲ. ಬ್ಯಾಂಕಿನ ತಂಡಕ್ಕೆ ಬಹಳ ಮೆಚ್ಚಿಗೆಯಂತೆ. ಗುಂಡಿ ತೋಡಿದವಳು ನಾನು, ಬೀಳುವವಳು ಅಕ್ಕ.

ಮಾರ್ಚ್ 9, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಅವಳ ಕೈಯಿಂದ ಅಂಟಿನ ವಾಸನೆ ಹೋಗುವುದೇ ಇಲ್ಲ. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಆ ಪ್ರೆಸ್ಸಿಗೆ ಸೇರಿ ನನ್ನನ್ನು ಓದಿಸಿದಳು.

“ಈ ಸಲ ನಿಜವಾಗ್ಲೂ ಮುಚ್ತಾರಂತೆ ಕಣೇ. ನನ್ನ ಪೂರ್ತಿ ಪಿಂಚಣಿಗೆ ಇನ್ನು ಹದಿನಾಲ್ಕೇ ತಿಂಗಳು. ನೀನು ಅಲ್ಲೇ ಇದೀಯಲ್ಲ, ಒಂದು ಮಾತು ಹೇಳ್ತೀಯಾ?”

“ಹೇಳ್ತೀನಕ್ಕ.”



ಮಾರ್ಚ್ 10

ಹೇಳಿದೆ. ಎಂಟನೆಯದನ್ನು ತೆಗೆದುಬಿಡೋಣ ಅಂದೆ; ಅಲ್ಲಿ ನನ್ನ ಅಕ್ಕ ಇದ್ದಾಳೆ ಅಂತ ಹೇಳಲಿಲ್ಲ, ನಾಚಿಕೆ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಒಂದು ತೆಗೆದ್ರೆ ಎಲ್ಲಾ ನಿಂತುಹೋಗುತ್ತೆ. ಈ ದುಡ್ಡು ಬರ್ದಿದ್ರೆ ಆಸ್ಪತ್ರೆಗಳಿಗೆ ಔಷಧಿ ಇಲ್ಲ. ಏನ್ಮಾಡ್ಲಿ, ನೀನೇ ಹೇಳು.”

ಕೆಟ್ಟವರಲ್ಲ. ಅದೇ ಕಷ್ಟ.

ಮಾರ್ಚ್ 25

ಮುಚ್ಚುವ ಆದೇಶ ಗೆಜೆಟ್‌ನಲ್ಲಿ ಬಂತು. ಬ್ಯಾಂಕಿಗೆ ಅದೇ ಸಾಕ್ಷಿ. ಅಚ್ಚಾದದ್ದು ಅದೇ ಮುದ್ರಣಾಲಯದಲ್ಲಿ — ಇನ್ನೆಲ್ಲಿ! ಪ್ರತಿಗಳನ್ನು ಹೊಲಿದದ್ದು ಅಕ್ಕನ ಟೇಬಲ್‌ನಲ್ಲಿ. ಹೊಲಿಗೆ ಎಷ್ಟು ನೇರವಾಗಿದೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಮಾರ್ಚ್ 28, ಮಧ್ಯಾಹ್ನ 3

ಬ್ಯಾಂಕಿನ ಮೇಡಂ ಮೂಲ ಕಾಗದ ಒಯ್ಯಲು ಬಂದಿದ್ದರು. ಟೀ ಕುಡಿಯುತ್ತಾ ಅಂದರು, “ನಮಗೆ ಏಳೇ ಸಾಕಿತ್ತು. ಎಂಟನೇದು ನೀವಾಗೇ ಸೇರಿಸಿದ್ರಿ. ಧೈರ್ಯ ಮೆಚ್ಚಬೇಕು.”

ಎಂಟು ಬೇಕೆಂದು ಯಾರು ಹೇಳಿದ್ದರು? ಯಾರೂ ಇಲ್ಲ. ಹೋದ ಸಲದ ಪಟ್ಟಿಯಲ್ಲಿ ಎಂಟಿತ್ತು. ಅದನ್ನೇ ಕಾಪಿ ಮಾಡಿ, ಒಳಗಿನದನ್ನು ಅಳಿಸಿ, ಹೊಸದು ತುಂಬಿಸಿದ್ದೆ. ಕಾರ್ಯದರ್ಶಿಗಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

“ಈಗ ವಾಪಸ್ ತಗೋಬಹುದಾ?”

“ಮಾಡಿದ್ದೀವಿ ಅಂತ ನಮ್ಮ ಬೋರ್ಡಿಗೆ ಆಗಲೇ ವರದಿ ಹೋಗಿದೆಯಲ್ಲ,” ಎಂದು ನಕ್ಕರು.

ಮಾರ್ಚ್ 31, ಬೆಳಿಗ್ಗೆ

ಇವತ್ತು ಅಕ್ಕನ ಕೊನೆಯ ಶಿಫ್ಟ್. ಹೋಗುವ ಮುಂಚೆ ನನ್ನ ಮನೆಗೆ ಬಂದಿದ್ದಾಳೆ — ನನ್ನನ್ನು ಸಮಾಧಾನ ಮಾಡಲು! “ನೀನು ಪ್ರಯತ್ನ ಪಟ್ಟೆಯಲ್ಲ, ಅಷ್ಟೇ ಸಾಕು. ದೊಡ್ಡ ಬ್ಯಾಂಕಿನವರ ಎದುರು ನಮ್ಮಂಥವರು ಏನ್ಮಾಡೋಕಾಗುತ್ತೆ?” ಅಡುಗೆಮನೆಯಲ್ಲಿ ನನಗೇ ಟೀ ಮಾಡುತ್ತಿದ್ದಾಳೆ. ಲೋಟ ತರುವಷ್ಟರಲ್ಲಿ ಹೇಳಬೇಕು. ಇಲ್ಲಿ ಬರೆದುಕೊಂಡರೆ ಬಾಯಿಗೂ ಬರಬಹುದು. ಅಕ್ಕ, ಅದನ್ನು ಬ್ಯಾಂಕಿನವರು ಕೇಳಲೇ ಇಲ್ಲ. ಯಾರೂ ಕೇಳಲಿಲ್ಲ. ನಾನೇ —