ಆರು ಸಾವಿರ ಕಾಂಡ್ಲಾ

ಜೂನ್ 12, ಬೆಳಿಗ್ಗೆ 5.30
ನೀರು ಇಳಿಯುವುದು ಎಂಟಕ್ಕೆ. ಅಷ್ಟರೊಳಗೆ ಅಡುಗೆ ಮುಗಿಸಿ, ಸಮುದ್ರದ ನೀರು ಒಳಬರುವ ಖಾಡಿಯ ದಂಡೆಗೆ ಓಡಬೇಕು. ಆರು ಸಾವಿರ ಕಾಂಡ್ಲಾ, ಸರ್ಕಾರದ ಭಾಷೆಯಲ್ಲಿ ಮ್ಯಾಂಗ್ರೋವ್, ಸಸಿ ನೆಟ್ಟಾಯಿತು. ನರ್ಸರಿಯಲ್ಲಿ ಇನ್ನೂ ಎರಡು ಸಾವಿರ, ನೆಡಲು ಒಂದು ವಾರ ಬೇಕು. ರಬಾಳೆಯ ಕಂಪನಿ ಕ್ಯಾಂಟೀನ್ ಮುಚ್ಚಿದ ಮೇಲೆ ನಾವು ಹನ್ನೊಂದು ಹೆಂಗಸರು ಮನೆಯಲ್ಲೇ ಕೂತಿದ್ದೆವು. ಖಾಡಿ ಸುಧಾರಣೆಗೆ ಸರ್ಕಾರ ಹಣ ಹಾಕಿತು, ನಮ್ಮ ಹೆಂಗಸರ ಉಳಿತಾಯ ಗುಂಪಾದ ಬಚತ್ ಗಟ್‌ಗೆ ಕೆಲಸ ಸಿಕ್ಕಿತು. ಕಾಂಡ್ಲಾ ಬೆಳೆದರೆ ಏಡಿ, ಮೀನು. ಫ್ಲೆಮಿಂಗೊ ನೋಡಲು ಜನ. ದೋಣಿ, ತಿಂಡಿ ಅಂಗಡಿ ನಮಗೇ ಎಂದು ಮಾತು. ಹೋದ ವರ್ಷದ ಗಿಡಗಳ ಬುಡದಲ್ಲಿ ಆಗಲೇ ಏಡಿಮರಿಗಳು...
ಕುಕ್ಕರ್ ಕೂಗಿತು.

ಜೂನ್ 19
ಕಂಟ್ರಾಕ್ಟರ್‌ನ ಸೂಪರ್‌ವೈಸರ್ ವಿಕಾಸ್ ಕಾಗದ ತಂದ. ಮುಲ್ಕಿಯವರ ಮಗ, ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಇಪ್ಪತ್ತು ಸಾವಿರ ಸಸಿ ನೆಡಲಾಗಿದೆ — ಕೆಳಗೆ ಗಟ್ ಕಾರ್ಯದರ್ಶಿಯ ಸಹಿ ಬೇಕು. ಅಂದರೆ ನನ್ನದು.
"ಉಳಿದದ್ದು ಎಲ್ಲಿ ನೆಡುದು?" ಅಂದೆ.
"ಉಧರ್ ಪಾರ್ಕಿಂಗ್ ಆಯೇಗಾ ಆಂಟಿ. ಸೆಲ್ಫಿ ಪಾಯಿಂಟ್. ಆಪ್ ಬಸ್ ಸೈನ್ ಕರೋ." ಅಲ್ಲಿ ಪಾರ್ಕಿಂಗ್ ಬರುತ್ತದಂತೆ, ನಾನು ಬರೀ ಸಹಿ ಹಾಕಬೇಕಂತೆ.
ಇಪ್ಪತ್ತು ಹೊಡೆದುಹಾಕಿ 'ಆರು ಸಾವಿರ' ಎಂದು ಬರೆದೆ. ಅದರ ಕೆಳಗೆ ಲೋಲಾಕ್ಷಿ ಎಂದು ಸಹಿ ಹಾಕಿದೆ.

ಅದೇ ದಿನ, ಸಂಜೆ
ಗಟ್‌ನ ಅಧ್ಯಕ್ಷೆ ಸತ್ಯಭಾಮಾ ಚಪ್ಪಲಿ ಬಿಡುವ ಮೊದಲೇ ಶುರು. "ನಿಂಗೆ ಎಂತ ಹುಚ್ಚಾ ಮಾರಾಯ್ತಿ? ಅವ ನಮ್ಮನ್ನು ತೆಗೆದುಹಾಕಿದ್ರೆ?"
"ಪಾರ್ಕಿಂಗ್ ಆದ್ರೆ ಏಡಿ ಎಲ್ಲಿಂದ ಬರ್ತದೆ? ದೋಣಿಯಲ್ಲಿ ಜನರಿಗೆ ಕಾರು ತೋರಿಸುದಾ?"
ಚಹಾ ಮುಟ್ಟದೆ ಹೋದಳು. ಇವರು ನೌಪಾಡಾದ ಹೋಟೆಲಿನ ಕೆಲಸದಿಂದ ಬಂದವರು ಎಲ್ಲ ಕೇಳಿ, "ಒಂದು ಸೈನ್ ಅಲ್ವಾ" ಅಂದರು. ಒಂದೇ. ಅದಕ್ಕೇ ಕೊಡುವುದಿಲ್ಲ.

ಜೂನ್ 23
ದಂಡೆಯ ಗೇಟಿಗೆ ಕಂಟ್ರಾಕ್ಟರ್ ಬೀಗ ಹಾಕಿದ್ದಾನೆ. ಒಳಗೆ ನರ್ಸರಿಯ ಸಸಿಗಳು. ಮಲ್ಪೆಯ ದೇಜಪ್ಪಣ್ಣ ಬೆಳಿಗ್ಗೆ ಮೀನು ಹಿಡಿದು ಇಲ್ಲೇ ದಂಡೆಗೆ ದೋಣಿ ಕಟ್ಟುವವರು. ನಮ್ಮನ್ನು ದಾಟಿಸ್ತೀರಾ ಎಂದು ಕೇಳಿದೆ. "ಖಾಡಿಗೆ ಎಂತ ಗೇಟ್? ದೋಣಿ ಹತ್ತು" ಅಂದರು. ನೀರಿನ ಕಡೆಯಿಂದ ಒಳಗೆ. ನಾನು, ಕುಶಲ, ರಮಿತಾ — ಮೂವರೇ. ಕೆಸರು ತೊಡೆವರೆಗೆ. ಇನ್ನೂರು ನೆಟ್ಟೆವು. ಐವತ್ನಾಲ್ಕರ ಸೊಂಟ ಈಗ ಮಾತಾಡುತ್ತಿದೆ. ಮಾತಾಡಲಿ.

ಜುಲೈ 8
ಬರೆಯಲು ಕೈಗೆ ಬಿಡುವಿರಲಿಲ್ಲ. ಎರಡು ಸಾವಿರವೂ ಮುಗಿಯಿತು. ಕೊನೆಯ ವಾರ ಏಳು ಜನ ಬಂದರು. ಸತ್ಯಭಾಮಾ ಇಲ್ಲ.

ಜುಲೈ 10
ತಪಾಸಣೆ. ಸರ್ಕಾರ ಕಳಿಸಿದ ಅಧಿಕಾರಿ ಯಾಮಿನಿ — ಮೈಸೂರಿನವರು, ಮೂವತ್ತೂ ಆಗಿರಲಿಕ್ಕಿಲ್ಲ. ಪೆಂಡಾಲ್, ಬ್ಯಾನರ್, ಹಾರ. ಗೇಟಿನ ಹತ್ತಿರದ ಎರಡು ಸಾಲು ತೋರಿಸಿ ಕಂಟ್ರಾಕ್ಟರ್ ಊಟಕ್ಕೆ ಕರೆಯುತ್ತಿದ್ದ. ಎದ್ದು ನಿಂತೆ.
"ಮೇಡಂ, ಆಚೆ ಕಡೆ ನೋಡಿ. ಪಾರ್ಕಿಂಗ್ ಮಾಡ್ಲಿಕ್ಕೆ ದಂಡೆಗೆ ಕಟ್ಟಡದ ಡೆಬ್ರಿಸ್ ಸುರಿದಿದ್ದಾರೆ."
"ಅಲ್ಲಿ ಪೂರಾ ಕೆಸರು ಮೇಡಂ," ಕಂಟ್ರಾಕ್ಟರ್ ಹಿಂದಿಯಲ್ಲಿ ಅಂದ.
ಆಕೆ ನನ್ನನ್ನು ಕೇಳಿದರು. "ಶೂ ಬಿಚ್ಚಬೇಕಾ?"
"ಬಿಚ್ಚಿದ್ರೆ ಒಳ್ಳೇದು."
ಬಿಚ್ಚಿದರು. ಸಾಲು ಸಾಲಾಗಿ ಎಣಿಸಿದೆವು. ಎರಡೂವರೆ ಗಂಟೆ, ಲೆಕ್ಕ ಎಂಟು ಸಾವಿರ. ಕಂಟ್ರಾಕ್ಟರ್ ದಂಡೆಯಲ್ಲೇ.

ಆಗಸ್ಟ್ 21
ಸುಳ್ಳು ಲೆಕ್ಕಕ್ಕೆ ಕಂಟ್ರಾಕ್ಟರ್ ಔಟ್. ಡೆಬ್ರಿಸ್ ಅವನೇ ಎತ್ತಬೇಕು. ಆದರೆ ಯೋಜನೆಯ ಕೆಲಸವೆಲ್ಲ ಬಂದ್, ನಮ್ಮದೂ. ಆರು ವಾರದಿಂದ ಹನ್ನೊಂದು ಮನೆಗೂ ಕೂಲಿ ಇಲ್ಲ. ಮಾರ್ಕೆಟಿನಲ್ಲಿ ಸತ್ಯಭಾಮಾ ಮುಖ ತಿರುಗಿಸಿದಳು. ನೋವಾಯಿತು. ಅವಳ ಸೊಸೆಗೆ ಏಳು ತಿಂಗಳು... ಅವಳ ಸಿಟ್ಟು ತಪ್ಪಲ್ಲ. ಆ ಸಹಿ ಮತ್ತೆ ಕೇಳಿದರೂ ಹಾಕುವುದಿಲ್ಲ, ಅದೂ ಹೌದು.

ಸೆಪ್ಟೆಂಬರ್ 4, ಮಧ್ಯಾಹ್ನ
ಸತ್ಯಭಾಮಾ ಬಂದಳು. ಕೈಯಲ್ಲಿ ಫಾರಂ. ಉಳಿದ ಹನ್ನೆರಡು ಸಾವಿರ ನೆಡಲು ಹೊಸ ಟೆಂಡರ್. ಈ ಸಲ ಬಚತ್ ಗಟ್‌ಗಳೂ ನೇರ ಹಾಕಬಹುದಂತೆ.
"ನಾವೇ ಕಂಟ್ರಾಕ್ಟರ್ ಆಗುವ," ಅಂದಳು, ನನ್ನ ಮುಖ ನೋಡದೆ. "ಬರಿ. ನಿನ್ನ ಅಕ್ಷರ ಚಂದ."
"ನಿಂಗೆ ಸಿಟ್ಟು ಹೋಯ್ತಾ?"
"ಇಲ್ಲ. ಮೊದ್ಲು ಬರಿ."
ಹೆಸರು, ವಿಳಾಸ ಆಯಿತು. ಮುಂದಿನದು 'ಅನುಭವ'. ಕ್ಯಾಂಟೀನ್ ಹಾಕುವುದಾ ಎಂದು ಕೇಳಿದೆ. ಎಲ್ಲ ಹಾಕು, ಅಂದಳು, ಬೀಗ ಹಾಕಿದ್ದೂ ಹಾಕು, ನಾನು ಬಾರದಿದ್ದದ್ದೂ ಹಾಕು. ಕಾಲಂ ಎರಡು ಬೆರಳಿನಷ್ಟು. ಹೆಚ್ಚಿನ ಹಾಳೆ ಲಗತ್ತಿಸಬಹುದು ಎಂದು ಕೆಳಗೆ ಉಂಟು. ಈ ನೋಟ್‌ಬುಕ್ಕಿನಿಂದಲೇ ಹಾಳೆ ಹರಿಯುತ್ತೇನೆ, ನಾಲ್ಕು ಸಾಕಾ, ಇಲ್ಲ, ಇದೂ ಸೇರಿ ಐದು.