ಸೈಲೆನ್ಸರ್ ಕಡೆಯ ಬ್ಯಾಗು

ಅಕ್ಟೋಬರ್ 12, ಭಾನುವಾರ

ಮತ್ತೆ ಸೂಜಿ ಮುರಿಯಿತು. ಬ್ಲೌಸ್ ಹೊಲಿಯುವ ಮಷಿನ್ನಿಗೆ ರೆಕ್ಸಿನ್ ಕೊಟ್ಟರೆ ಅದಾದರೂ ಏನು ಮಾಡೀತು? ಆದರೂ ಹಟ ಬಿಡಲಿಲ್ಲ. ಅಂಗಡಿಯ ಸೈಡ್ ಬ್ಯಾಗು ಯಾವುದೂ ನನ್ನ ಗಂಡನ ಬೈಕಿಗೆ ಸರಿಯಾಗಿ ಕೂರಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ, ಸೈಲೆನ್ಸರ್ ಮೇಲಕ್ಕೆ ಎದ್ದಿದೆ. ಬ್ಯಾಗು ಜೋತುಬಿದ್ದರೆ ಸೀದಾ ಅದರ ಮೇಲೆ. ಅದಕ್ಕೇ ಆ ಕಡೆಯ ಬ್ಯಾಗಿಗೆ ಬಿಸಿ ತಾಗದಂತೆ ಒಳಗೊಂದು ತಗಡು ಇಟ್ಟು ಹೊಲಿಯುತ್ತಿದ್ದೇನೆ. ಇವರ ಫ್ಯಾಕ್ಟರಿಯ ಸ್ಕ್ರಾಪಿನ ತಗಡು.

ಬೈಕು ಸಂದಿಯಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಹೊಸ್ತಿಲಲ್ಲಿ ನಿಂತೇ ಅಳತೆ ತೆಗೆದೆ.

ಅಕ್ಟೋಬರ್ 16, ಗುರುವಾರ

ಮುಗಿಯಿತು. ಎರಡೂ ಬ್ಯಾಗು ಒಂದೇ ಥರ, ತಗಡು ಹೊರಗೆ ಕಾಣುವುದಿಲ್ಲ. ಮುಚ್ಚಳದ ಒಳಗೆ ಚಾಕ್‌ಪೀಸಿನಲ್ಲಿ ‘ಎಡ’, ‘ಬಲ’ ಎಂದು ಬರೆದೆ.

ಇವರು ಅತ್ತಿಬೆಲೆಯಿಂದ ಪಟಾಕಿ ತಂದರು. ಹಬ್ಬಕ್ಕೆ ಹೋಗುವ ನಮ್ಮೂರು ಹಾವೇರಿಯಲ್ಲಿ ಪಟಾಕಿ ಸಿಗುವುದಿಲ್ಲವೇ? ಆದರೆ ಶೈಲಾಗೆ ಅಪ್ಪ ತಂದದ್ದೇ ಬೇಕು. ಒಂಬತ್ತು ವರ್ಷಕ್ಕೇ ಇಷ್ಟು ಹಟ... ನನ್ನ ಮಗಳೇ ತಾನೇ.

ಶನಿವಾರ ಅಪ್ಪ, ಮಗಳು ಬೈಕಿನಲ್ಲಿ ಊರಿಗೆ. ಗಾರ್ಮೆಂಟ್ಸಿನಲ್ಲಿ ನನಗೆ ಲೀವ್ ಇಲ್ಲ, ಭಾನುವಾರ ಬಸ್ಸಿಗೆ ಹೋಗಬೇಕು. ಬೈಕಿನಲ್ಲಿ ಪಟಾಕಿ ಬೇಡ ಎಂದೆ.

“ಸೈಲೆನ್ಸರ್ ಇಲ್ಲದ ಕಡಿ ಬ್ಯಾಗಿನಾಗ ಇಡು. ನೀ ಹೊಲದಿದ್ದು ಅಂದಮ್ಯಾಲ ಹೆದರಿಕಿ ಯಾಕ?”

ಹೊಗಳಿದರೆ ಕರಗಿಬಿಡುತ್ತೇನೆ. ತಗಡಿಲ್ಲದ ಬ್ಯಾಗಿನಲ್ಲಿ, ‘ಬಲ’ ಎಂದು ಬರೆದದ್ದರಲ್ಲಿ ಇಟ್ಟೆ.

ಅಕ್ಟೋಬರ್ 18, ಶನಿವಾರ, ಬೆಳಿಗ್ಗೆ ಆರು

ಹೊರಟರು. ಶೈಲಾಗೆ ಜಡೆ ಹಾಕುವಷ್ಟರಲ್ಲಿ ಇವರೇ ಬ್ಯಾಗು ಬಿಗಿದಿದ್ದರು. “ಎಡ ಎಡಕ್ಕ, ಬಲ ಬಲಕ್ಕ. ಬರೋಬ್ಬರಿ ಕುಂತಾವ ನೋಡು” ಎಂದರು. ಖುಷಿಯಾಯಿತು.

ಎಂಟು ಗಂಟೆ

ಮನೆ ಓನರ್ ಕೃಷ್ಣಮ್ಮನವರ ಮಗ ತನ್ನ ಬೈಕು ತಂದು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದ. ಡಬ್ಬಿ ಕಟ್ಟುತ್ತಾ ನೋಡಿದೆ. ಸೈಲೆನ್ಸರ್ ನನ್ನ ಎಡಕ್ಕೆ. ಗಾಡಿ ಮೇಲೆ ಕೂತ ಅವನ ಬಲಕ್ಕೆ.

ಅಯ್ಯೋ.

ಎದುರಿಗೆ ನಿಂತು ಅಳೆದಿದ್ದೆ. ನನ್ನ ಎಡವನ್ನೇ ಗಾಡಿಯ ಎಡ ಎಂದುಕೊಂಡೆ. ಬ್ಲೌಸಿನಲ್ಲಿ ಒಂದು ದಿನವೂ ಹೀಗೆ ತಪ್ಪಿದವಳಲ್ಲ. ತಗಡು ಸುಮ್ಮನೆ ಆ ಕಡೆ ಇದೆ. ಪಟಾಕಿ ಸೈಲೆನ್ಸರ್ ಮೇಲಿದೆ. ಪಕ್ಕದಲ್ಲೇ ನನ್ನ ಮಗಳು ಕೂತಿದ್ದಾಳೆ.

ಫೋನ್ ಎತ್ತುತ್ತಿಲ್ಲ. ಹೆಲ್ಮೆಟ್ ಹಾಕಿದರೆ ಇವರಿಗೆ ಏನೂ ಕೇಳಿಸುವುದಿಲ್ಲ.

ಎಂಟೂವರೆ

ಕೃಷ್ಣಮ್ಮ ನೀರು ಕೊಟ್ಟು ಹೋದರು. “ಅಳಬ್ಯಾಡ ಕಣಮ್ಮ ಭುವನೇಶ್ವರಿ. ಟೀ ಕುಡಿಯಾಕೆ ಎಲ್ಲಾದ್ರೂ ನಿಲ್ಲಿಸ್ದೇ ಇರ್ತಾನಾ ಗದಿಗೆಪ್ಪ? ಆವಾಗ ನೋಡ್ತಾನೆ.”

ಅಷ್ಟರ ತನಕ? ಕೆಲಸಕ್ಕೆ ಹೋಗಲಿಲ್ಲ. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಲೇ ಇದೆ. ಭಯವಾಗುತ್ತಿದೆ. ಕೆಟ್ಟದ್ದೇ ಕಣ್ಣಿಗೆ ಬರುತ್ತಿದೆ.

ಒಂಬತ್ತಕ್ಕೆ ಸ್ವಲ್ಪ ಮುಂಚೆ

ಶೈಲಾ ಎತ್ತಿದಳು! ಶಿರಾ ದಾಟಿ ಟೀ ಅಂಗಡಿಯಲ್ಲಿ ನಿಂತಿದ್ದಾರೆ.

“ಅವ್ವಾ, ಬ್ಯಾಗ್ ನಾರಾಕತ್ತೈತಿ. ಅಪ್ಪ ಲಾರಿ ವಾಸನಿ ಅಂತಾನ.”

“ಗಾಡಿ ಬಿಟ್ಟು ದೂರ ಓಡು! ಅಪ್ಪಗೂ ಹೇಳು. ಪಟಾಕಿ ಅದಾವ ಅದರಾಗ, ಓಡು!” ಕಿರುಚಿಬಿಟ್ಟೆ.

ಫೋನ್ ಬಿದ್ದ ಸದ್ದು. ಯಾರೋ “ನೀರು, ನೀರು” ಎಂದು ಕೂಗಿದರು. ಶೈಲಾ ಚೀರಿದಳು. ಕಟ್.

ಒಂಬತ್ತೂಕಾಲು

ಇವರೇ ಫೋನ್ ಮಾಡಿದರು. ದನಿಯೇ ಬೇರೆ.

“ಬ್ಯಾಗ್ ತೂತು ಬಿದ್ದೈತಿ. ಟೀ ಅಂಗಡಿಯಂವ ನೀರ್ ಹೊಯ್ದ. ಪಟಾಕಿ ಎಲ್ಲಾ ತೊಯ್ದು ಹೋದ್ವು. ಅಳಬ್ಯಾಡ. ಏನೂ ಆಗಿಲ್ಲ.”

ತಪ್ಪು ನನ್ನದು ಎಂದೆ.

“ಶೈಲಾನ ಕಡೆ ಕೊಡ್ರಿ.”

“ನೀರ್ ಕುಡಿಯಾಕತ್ತಾಳ. ಆಮ್ಯಾಲ ಮಾಡಿಸ್ತೀನಿ.”

ಹಾಗಾದರೆ ಫೋಟೋ ಕಳಿಸಿ ಎಂದೆ.

ಸ್ವಲ್ಪ ಹೊತ್ತಿನ ಮೇಲೆ

ಫೋಟೋ ಬಂತು. ಬರೀ ಬ್ಯಾಗಿನದು. ಪೈಪು ತಾಗಿದಲ್ಲಿ ರೆಕ್ಸಿನ್ ಕರಗಿ ದಾರದಂತೆ ಇಳಿದಿದೆ. ಸುರುಸುರು ಬತ್ತಿಯ ಡಬ್ಬಿ ಹೊರಗೆ ಇಣುಕುತ್ತಿದೆ. ಹಿಂದೆ, ಮೂಲೆಯಲ್ಲಿ, ಬೆಂಚಿನ ಮೇಲೆ ಶೈಲಾ. ನೀರು ಕುಡಿಯುತ್ತಿಲ್ಲ. ಯಾರೋ ಹೆಂಗಸು ಅವಳ ಬಲಗಾಲನ್ನು ಬಕೆಟ್ಟಿನೊಳಗೆ ಹಿಡಿದಿದ್ದಾರೆ. ದೊಡ್ಡದು ಮಾಡಿ ನೋಡಿದೆ. ಪ್ಯಾಂಟು ಮೊಣಕಾಲಿನ ತನಕ ಸುಟ್ಟು...

ಫೋನ್ ಮಾಡುತ್ತಿದ್ದೇನೆ. ಎತ್ತಿ. ಒಂದು ಸಲ ಅವಳ ಕೈಗೆ ಕೊಡಿ.